ಯಂತ್ರಕ್ಕೆ ಬರೆಯಲು ಕಲಿಸಿದ ಗ್ರೇಸ್ ಹಾಪರ್

ಸಾಫ್ಟ್‌ವೇರ್ ತಂತ್ರಜ್ಞರು ಇಂದು ಕೃತಕ ಬುದ್ಧಿಮತ್ತೆಯಿಂದ ಕೋಡ್ ಬರೆಸುತ್ತಿದ್ದಾರೆ. ಯಂತ್ರ ಬರೆದುದನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆ ಮಾತ್ರ ಹೊಸದಲ್ಲ. ಅಮೆರಿಕದ ಗಣಿತಜ್ಞೆ ಗ್ರೇಸ್ ಹಾಪರ್ ಅದನ್ನು ಏಳು ದಶಕಗಳ ಹಿಂದೆಯೇ ಎದುರಿಸಿದ್ದರು.

1906ರ ಡಿಸೆಂಬರ್ 9ರಂದು ನ್ಯೂಯಾರ್ಕ್‌ನಲ್ಲಿ ಜನಿಸಿದ ಹಾಪರ್, 1934ರಲ್ಲಿ ಯೇಲ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದರು. ವಾಸರ್ ಕಾಲೇಜಿನಲ್ಲಿ ಗಣಿತ ಬೋಧಿಸುತ್ತಿದ್ದವರು ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ಮೀಸಲು ದಳ ಸೇರಿದರು. ದೇಹತೂಕ ಸಾಲದಿದ್ದುದರಿಂದ ವಿಶೇಷ ವಿನಾಯಿತಿ ಬೇಕಾಯಿತು! 1944ರಲ್ಲಿ ಹಾರ್ವರ್ಡ್‌ನ ಮಾರ್ಕ್-1 ಗಣಕದ ಕೆಲಸಕ್ಕೆ ನಿಯುಕ್ತರಾದರು.

ಆಗ ಪ್ರೋಗ್ರಾಮ್ ಬರೆಯುವವರು ಒಮ್ಮೆ ಸರಿಯಾಗಿ ನಡೆದ ಆದೇಶಗಳನ್ನು ನೋಟ್‌ಬುಕ್‌ನಲ್ಲಿಟ್ಟುಕೊಂಡು, ಬೇಕಾದಾಗ ಕೈಯಿಂದ ನಕಲು ಮಾಡುತ್ತಿದ್ದರು. ನಕಲಿನಲ್ಲಿ ಅಕ್ಷರ ತಪ್ಪುತ್ತಿತ್ತು, ವಿಳಾಸಗಳನ್ನು ಕೂಡುವಾಗ ಲೆಕ್ಕ ತಪ್ಪುತ್ತಿತ್ತು. ಎರಡೂ ಯಂತ್ರಕ್ಕೆ ಒಪ್ಪಿಸಬಹುದಾದ ಕೆಲಸಗಳೆಂದು ಹಾಪರ್ ಕಂಡುಕೊಂಡರು. 1949ರಲ್ಲಿ ಎಕರ್ಟ್-ಮಾಕ್ಲಿ ಸಂಸ್ಥೆ ಸೇರಿದ ಅವರು, ಯೂನಿವ್ಯಾಕ್ ಗಣಕಕ್ಕಾಗಿ 1952ರಲ್ಲಿ ಎ-0 ಎಂಬ ಕಂಪೈಲರ್ ರೂಪಿಸಿದರು. ಗಣಕ ಲೆಕ್ಕ ಮಾಡೀತು, ಪ್ರೋಗ್ರಾಮ್ ಬರೆದೀತೇ ಎಂದು ಅನೇಕರು ನಂಬಲಿಲ್ಲ. ಎ-0 ಟೇಪಿನಲ್ಲಿದ್ದ ತುಣುಕುಗಳನ್ನು ಆಯ್ದು ಜೋಡಿಸುತ್ತಿತ್ತು, ಅಷ್ಟೇ. ಯಾವ ತುಣುಕು, ಯಾವ ಕ್ರಮದಲ್ಲಿ ಎಂಬ ವಿನ್ಯಾಸ ಮನುಷ್ಯನದೇ ಆಗಿತ್ತು.

ಇಂಗ್ಲಿಷ್ ಪದಗಳಲ್ಲೇ ಆದೇಶ ನೀಡಬಹುದಾದ ಅವರ ಫ್ಲೋ-ಮ್ಯಾಟಿಕ್ ಭಾಷೆ, 1959ರಲ್ಲಿ ಆರಂಭವಾದ ಕೊಬಾಲ್ ರಚನೆಗೆ ಮುಖ್ಯ ಆಧಾರವಾಯಿತು. ಕೊಬಾಲ್‌ನ ಕರ್ತೃ ಅವರೊಬ್ಬರೇ ಎಂಬ ಪ್ರತೀತಿ ಸರಿಯಲ್ಲ, ಅದು ಸಮಿತಿಯ ಕೃತಿ.

ಅವರ ಬದುಕಿನಲ್ಲಿ ಕಡಿಮೆ ಚರ್ಚಿತವಾದ, ಆದರೆ ಇಂದಿಗೆ ಹೆಚ್ಚು ಪ್ರಸ್ತುತವಾದ ಅಧ್ಯಾಯ ಬೇರೆಯೇ ಇದೆ. 1966ರಲ್ಲಿ ನಿವೃತ್ತರಾದ ಅವರನ್ನು ನೌಕಾಪಡೆ ಮರುವರ್ಷವೇ ಆರು ತಿಂಗಳ ಮಟ್ಟಿಗೆಂದು ಮರಳಿ ಕರೆಯಿತು. ಅಷ್ಟರಲ್ಲಿ ಪ್ರತಿ ತಯಾರಕರೂ ತಮ್ಮದೇ ಕೊಬಾಲ್ ಕಂಪೈಲರ್ ಮಾರುತ್ತಿದ್ದರು. ಒಂದೇ ಪ್ರೋಗ್ರಾಮ್ ಬೇರೆ ಬೇರೆ ಗಣಕಗಳಲ್ಲಿ ಬೇರೆ ಬೇರೆಯಾಗಿ ವರ್ತಿಸುತ್ತಿತ್ತು. ತಯಾರಕರ ಮಾತನ್ನು ನೆಚ್ಚದೆ, ನಿರೀಕ್ಷಿತ ಫಲಿತಾಂಶ ಮೊದಲೇ ಗೊತ್ತಿರುವ ಪರೀಕ್ಷಾ ಪ್ರೋಗ್ರಾಮ್‌ಗಳನ್ನು ಹಾಪರ್ ತಂಡ ಸಿದ್ಧಪಡಿಸಿ ಕಂಪೈಲರ್‌ಗಳನ್ನು ಒರೆಗೆ ಹಚ್ಚಿತು. ಒಂದೇ ಕಂಪೈಲರ್ ಒಂದೇ ಆದೇಶಕ್ಕೆ ಸಾಮಾನ್ಯವಾಗಿ ಒಂದೇ ಉತ್ತರ ಕೊಡುತ್ತದೆ. ಇಂದಿನ ಕೃತಕ ಬುದ್ಧಿಮತ್ತೆಯಿಂದ ಅಷ್ಟನ್ನೂ ನಿರೀಕ್ಷಿಸುವಂತಿಲ್ಲವಾದ್ದರಿಂದ ಅದು ಬರೆದ ಕೋಡ್‌ಗೆ ಇಂಥ ಒರೆಗಲ್ಲು ಇನ್ನೂ ಅಗತ್ಯ.

ಆರು ತಿಂಗಳಿಗೆಂದು ಬಂದವರು ರಿಯರ್ ಅಡ್ಮಿರಲ್ ಆಗಿ ಕೊನೆಗೂ ನಿವೃತ್ತರಾದದ್ದು 1986ರಲ್ಲಿ, 79 ವರ್ಷ ತುಂಬಿದ ಬಳಿಕ. 1992ರ ಜನವರಿ 1ರಂದು ನಿಧನರಾದ ಹಾಪರ್ ಅವರಿಗೆ 2016ರಲ್ಲಿ ಮರಣೋತ್ತರವಾಗಿ ಅಮೆರಿಕದ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ಸಂದಿತು.