ಬಿಸಿಲಿಗೆ ಅಳತೆಗೋಲು ಕೊಟ್ಟ ಅನ್ನಾ ಮಣಿ

ಮಳೆಗಾಲ ಮುಗಿದೊಡನೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಅಂಗಳಗಳಲ್ಲಿ ಅಡಿಕೆ ಒಣಗತೊಡಗುತ್ತದೆ. ಬಿಸಿಲು ಎಷ್ಟಿದೆಯೆಂಬುದು ಕೃಷಿಕನಿಗೆ ಕಣ್ಣಂದಾಜಿನಲ್ಲೇ ತಿಳಿಯುತ್ತದೆ. ವಿಜ್ಞಾನಕ್ಕೆ ಅಂದಾಜು ಸಾಲದು. ದೇಶದ ಬಿಸಿಲಿಗೆ ನಂಬಲರ್ಹ ಅಳತೆ ಒದಗಿಸಲು ಬದುಕನ್ನೇ ಮುಡಿಪಾಗಿಟ್ಟವರು ಅನ್ನಾ ಮಣಿ.

1918ರ ಆಗಸ್ಟ್ 23ರಂದು ತಿರುವಾಂಕೂರಿನ ಪೀರುಮೇಡಿನಲ್ಲಿ ಜನಿಸಿದ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಸರ್ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಬೆಳಕನ್ನು ಅಭ್ಯಸಿಸಿ ಐದು ಸಂಶೋಧನ ಲೇಖನಗಳನ್ನು ಪ್ರಕಟಿಸಿದರು. ಆದರೆ 1945ರಲ್ಲಿ ಅವರು ಸಲ್ಲಿಸಿದ ಮಹಾಪ್ರಬಂಧಕ್ಕೆ ಮದರಾಸು ವಿಶ್ವವಿದ್ಯಾಲಯ ಡಾಕ್ಟರೇಟ್ ನೀಡಲಿಲ್ಲ. ಎಂ.ಎಸ್ಸಿ. ಪದವಿ ಇಲ್ಲವೆಂಬುದೇ ಅದಕ್ಕೆ ಕಾರಣವಾಗಿತ್ತು.

ಅದೇ ವರ್ಷ ಸರ್ಕಾರಿ ವಿದ್ಯಾರ್ಥಿವೇತನ ಪಡೆದು ಲಂಡನ್ನಿಗೆ ತೆರಳಿದರು. ಭೌತಶಾಸ್ತ್ರ ಬಯಸಿದ್ದ ಅವರಿಗೆ ಅಲ್ಲಿ ದೊರೆತದ್ದು ಹವಾಮಾನ ಉಪಕರಣಗಳ ತರಬೇತಿ. 1948ರಲ್ಲಿ ಮರಳಿ ಪುಣೆಯ ಹವಾಮಾನ ಇಲಾಖೆ ಸೇರಿದಾಗ ಆ ಕಲಿಕೆಯೇ ದೇಶಕ್ಕೆ ಬಂಡವಾಳವಾಯಿತು. ಆವರೆಗೆ ವಿದೇಶದಿಂದ ತರಿಸಲಾಗುತ್ತಿದ್ದ ಸುಮಾರು 100 ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ, ಇಲ್ಲಿಯೇ ತಯಾರಿಸಲು ಹಾದಿ ಮಾಡಿಕೊಟ್ಟರು. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಸೌರವಿಕಿರಣ ಅಳೆಯುವ ಕೇಂದ್ರಗಳ ಜಾಲವನ್ನು ಕಟ್ಟಿದರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲೆಂಬುದು ಅವರ ನಿಲುವಾಗಿತ್ತು.

ಈ ನಿಲುವಿನ ಮಹತ್ವ ಉಪಗ್ರಹ ಯುಗದಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಭೂಮಿಗೆ ಪ್ರತಿ ಚದರ ಮೀಟರಿಗೆ ಸರಾಸರಿ 340 ವಾಟ್ ಸೌರಶಕ್ತಿ ತಲಪುತ್ತದೆ. ಅದರಲ್ಲಿ ಸುಮಾರು 100 ವಾಟ್ ಪ್ರತಿಫಲಿಸಿ ಮರಳುತ್ತದೆ. ಉಳಿದುದರ ಬಹುಪಾಲು ಶಾಖವಾಗಿ ಹೊರಹೋಗುತ್ತದೆ. ಭೂತಾಪದ ಏರಿಕೆಗೆ ಕಾರಣವಾದ ವ್ಯತ್ಯಾಸ ಒಂದೆರಡು ವಾಟ್‌ಗಳನ್ನೂ ಮೀರದು. 2011ರ ಅಕ್ಟೋಬರ್ 12ರಂದು ಶ್ರೀಹರಿಕೋಟದಿಂದ ಹಾರಿದ ಮೇಘಾ-ಟ್ರಾಪಿಕ್ಸ್ ಉಪಗ್ರಹದಲ್ಲಿ ಈ ಲೆಕ್ಕ ಹಿಡಿಯುವ ಫ್ರಾನ್ಸಿನ ಸ್ಕ್ಯಾರಾಬ್ ಉಪಕರಣವಿತ್ತು. ಕಕ್ಷೆ ಸೇರಿದ ಉಪಕರಣವನ್ನು ದುರಸ್ತಿಗೆ ಕೆಳಗಿಳಿಸಲಾಗದು. ಆದ್ದರಿಂದ ತಾಪಮಾನ ಗೊತ್ತಿರುವ ಕೃಷ್ಣಕಾಯವನ್ನು ಅದರೊಳಗೇ ಇರಿಸಿ, ಆಗಾಗ ಅದರತ್ತ ತಿರುಗಿಸಿ ತಾಳೆ ನೋಡಲಾಗುತ್ತದೆ. ಅನ್ನಾ ಮಣಿ ನೆಲದ ಮೇಲೆ ಪಾಲಿಸಿದ ಶಿಸ್ತು ಇದೇ.

1976ರಲ್ಲಿ ನಿವೃತ್ತರಾಗಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಮರಳಿದ ಅವರು, ಭಾರತದ ಸೌರವಿಕಿರಣದ ಅಂಕಿಅಂಶಗಳನ್ನು 1980 ಮತ್ತು 1981ರಲ್ಲಿ ಎರಡು ಗ್ರಂಥಗಳಾಗಿ ಹೊರತಂದರು. ಸೌರವಿದ್ಯುತ್ ಯೋಜಕರಿಗೆ ಅವು ಆಧಾರವಾದವು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ನಿಧನರಾದರು. ಪದವಿ ದೊರೆಯದ ಆ ಮಹಾಪ್ರಬಂಧ ರಾಮನ್ ಸಂಸ್ಥೆಯ ಗ್ರಂಥಾಲಯದಲ್ಲಿ, ಪದವಿ ಪಡೆದ ಪ್ರಬಂಧಗಳ ಸಾಲಿನಲ್ಲೇ ಉಳಿಯಿತು.