ಮಗನಿಗಾಗಿ ಒಂದು ಮಾತು ಹೇಳದ ತಂದೆ



ಕಳೆದ ವರ್ಷ ನಾನು ಜಿಲ್ಲಾ ವಾಲಿಬಾಲ್ ತಂಡದ ಆಯ್ಕೆಗೆ ಹೋಗಿದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ಆಯ್ಕೆ ಮಾಡುವವರಲ್ಲಿ ಒಬ್ಬರು ನನ್ನ ಉಪ್ಪನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಹಬ್ಬಕ್ಕೆ ನಮ್ಮ ಮನೆಗೆ ಬಂದು ಬಿರಿಯಾನಿ ಉಂಡು ಹೋಗುವಷ್ಟು ಸಲುಗೆ. ಅವರಿಗೆ ಒಂದು ಫೋನ್ ಮಾಡಿ, ನನ್ನ ಹೆಸರು ಹೇಳಿ ಸಾಕು ಎಂದು ಉಪ್ಪನನ್ನು ಕೇಳಿದೆ. ಉಪ್ಪ ಮಾಡಲಿಲ್ಲ. ನನ್ನ ಹೆಸರು ಪಟ್ಟಿಯಲ್ಲಿ ಬರಲಿಲ್ಲ. ಎರಡು ದಿನ ನಾನು ಉಪ್ಪನ ಜೊತೆ ಮಾತಾಡಲಿಲ್ಲ. ಮಗನಿಗಾಗಿ ಒಂದು ಮಾತು ಹೇಳದವರು ಎಂಥ ತಂದೆ ಎಂದು ಉಮ್ಮನ ಹತ್ತಿರ ಜಗಳವಾಡಿದೆ.

ಅದಾಗಿ ಕೆಲವು ವಾರಗಳಿಗೆ ಜನವರಿ 15 ಬಂತು. ಅದು ಸೇನಾ ದಿನ. ಅಂದು ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಬಗ್ಗೆ ಐದು ನಿಮಿಷ ಮಾತಾಡಬೇಕು ಎಂದು ನಮ್ಮ ಇತಿಹಾಸ ಉಪನ್ಯಾಸಕರು ನನಗೆ ಹೇಳಿದ್ದರು. ಸೈನಿಕನ ಕಥೆ ಎಂದರೆ ಬಂದೂಕು, ಪದಕ, ಇಸವಿ ಇಷ್ಟೇ ಇರುತ್ತದೆ ಎಂದುಕೊಂಡು ಲೈಬ್ರರಿಗೆ ಹೋದೆ. ಆದರೆ ಓದುತ್ತಾ ಹೋದಂತೆ ನನಗೆ ಅಲ್ಲಿ ಸಿಕ್ಕಿದ್ದು ಒಬ್ಬ ತಂದೆ. ಆ ಐದು ನಿಮಿಷದಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೊಡಂದೇರ ಮಾದಪ್ಪ ಕಾರ್ಯಪ್ಪನವರು ಹುಟ್ಟಿದ್ದು 1899ರ ಜನವರಿ 28ರಂದು, ಕೊಡಗಿನ ಶನಿವಾರಸಂತೆಯಲ್ಲಿ. ತಂದೆ ಕಂದಾಯ ಇಲಾಖೆಯಲ್ಲಿ ಕೆಲಸಕ್ಕಿದ್ದವರು. ಆರು ಮಕ್ಕಳ ಮನೆ. ಮನೆಯವರು ಹುಡುಗನನ್ನು ಚಿಮ್ಮ ಎಂದು ಕರೆಯುತ್ತಿದ್ದರು. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದು ಮುಗಿಸಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿದರು. ಆಗ ಮೊದಲ ಮಹಾಯುದ್ಧ ಮುಗಿಯುತ್ತಾ ಬಂದಿತ್ತು. ಅಲ್ಲಿಯವರೆಗೆ ಭಾರತೀಯರು ಸೇನೆಯಲ್ಲಿ ಸಿಪಾಯಿಗಳಾಗಿ ಸಾಯಬಹುದಿತ್ತು, ಆದರೆ ಅವರಿಗೆ ಆಜ್ಞೆ ಕೊಡುವ ಅಧಿಕಾರಿಗಳು ಇಂಗ್ಲಿಷರೇ ಆಗಿದ್ದರು. ಭಾರತೀಯ ಯುವಕರನ್ನೂ ಅಧಿಕಾರಿಗಳಾಗಿ ತೆಗೆದುಕೊಳ್ಳಲು ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಶುರುವಾದಾಗ ಕಾರ್ಯಪ್ಪನವರು ಮೊದಲ ತಂಡದಲ್ಲೇ ಆಯ್ಕೆಯಾದರು. 1919ರ ಡಿಸೆಂಬರ್‌ನಲ್ಲಿ ಅಧಿಕಾರಿಯಾದಾಗ ಅವರ ವಯಸ್ಸು ಇಪ್ಪತ್ತು, ಅಂದರೆ ನಮಗಿಂತ ಎರಡು ಮೂರು ವರ್ಷ ದೊಡ್ಡವರು ಅಷ್ಟೇ.

ಮುಂದಿನ ದಾರಿ ದೊಡ್ಡದು. ಇಂದಿನ ಇರಾಕ್ ಆದ ಮೆಸೊಪೊಟೇಮಿಯಾ, ವಾಯವ್ಯ ಗಡಿಯ ವಜೀರಿಸ್ತಾನ ಎಲ್ಲ ಕಡೆ ದುಡಿದರು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಸೇರಿದ ಮೊದಲ ಭಾರತೀಯ ಅಧಿಕಾರಿ ಅವರೇ. ಎರಡನೇ ಮಹಾಯುದ್ಧದಲ್ಲಿ ಇರಾಕ್, ಸಿರಿಯಾ, ಇರಾನ್, ಆಮೇಲೆ ಬರ್ಮಾ ಕಂಡರು. 1942ರಲ್ಲಿ ಒಂದು ಬೆಟಾಲಿಯನ್ನಿನ ಮುಖ್ಯಸ್ಥರಾದ ಮೊದಲ ಭಾರತೀಯ ಎನಿಸಿಕೊಂಡರು. ಅವರ ಬದುಕಿನಲ್ಲಿ ಈ ಮೊದಲ ಎನ್ನುವ ಪದ ಎಷ್ಟು ಸಲ ಬರುತ್ತದೆ ಎಂದರೆ, ನನ್ನ ನೋಟ್ಸ್‌ನಲ್ಲಿ ಅದನ್ನು ಬರೆದು ಬರೆದು ಬೇಸರ ಬಂತು. ಆದರೆ ಮೊದಲಿಗನಾಗಿರುವುದು ಸುಲಭವಲ್ಲ. ಅವರು ಒಂದು ತಪ್ಪು ಮಾಡಿದ್ದರೆ, ಭಾರತೀಯರು ಅಧಿಕಾರಕ್ಕೆ ಲಾಯಕ್ಕಲ್ಲ ಎಂದು ಹೇಳಲು ಕಾದು ಕುಳಿತವರು ಇದ್ದೇ ಇದ್ದರು.

ಮನೆಯ ಕಡೆ ಅವರ ಬದುಕು ಅಷ್ಟು ನೇರವಾಗಿ ನಡೆಯಲಿಲ್ಲ. 1937ರಲ್ಲಿ ಮದುವೆಯಾಯಿತು. ಮಗ ನಂದಾ, ಮಗಳು ನಳಿನಿ ಹುಟ್ಟಿದರು. ಆದರೆ 1945ರಲ್ಲಿ ಗಂಡ ಹೆಂಡತಿ ಬೇರೆಯಾದರು. ಮೂರು ವರ್ಷದ ನಂತರ ಮಕ್ಕಳ ತಾಯಿ ಅಪಘಾತದಲ್ಲಿ ತೀರಿಕೊಂಡರು. ಆಗ ಮಗನಿಗೆ ಹತ್ತು ವರ್ಷ, ಮಗಳಿಗೆ ಐದು. ಆ ವರ್ಷ 1948. ಅದೇ ವರ್ಷ ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿತ್ತು, ಮತ್ತು ಪಶ್ಚಿಮ ಕಮಾಂಡಿನ ಹೊಣೆ ಕಾರ್ಯಪ್ಪನವರ ತಲೆಯ ಮೇಲಿತ್ತು.

ಈ ಯುದ್ಧದ ಹಿಂದೆ ಇನ್ನೊಂದು ನೋವಿದೆ. 1947ರಲ್ಲಿ ದೇಶ ಇಬ್ಭಾಗವಾದಾಗ ಸೇನೆಯೂ ಇಬ್ಭಾಗವಾಯಿತು. ಸೇನೆಯನ್ನು ಹಂಚುವ ಕೆಲಸದಲ್ಲಿ ಕಾರ್ಯಪ್ಪನವರೂ ಇದ್ದರು. ಒಂದೇ ಮೆಸ್ಸಿನಲ್ಲಿ ಊಟ ಮಾಡಿದವರು, ಒಂದೇ ಗಡಿಯನ್ನು ಕಾದವರು ಎದುರು ಬದುರಾದರು. ಹಿಂದೆ ಅವರ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನ್ ಪಾಕಿಸ್ತಾನದ ಸೇನೆಗೆ ಹೋದರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಇತ್ತ ಪಾಕಿಸ್ತಾನಕ್ಕೆ ಹೋಗದೆ ಭಾರತದಲ್ಲೇ ಉಳಿದ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಕಾರ್ಯಪ್ಪನವರ ಕಮಾಂಡಿನಲ್ಲಿ ಹೋರಾಡಿದರು. ನೌಶೇರಾವನ್ನು ಉಳಿಸಿದರು, ಕೈತಪ್ಪಿದ್ದ ಝಂಗರ್ ಅನ್ನು ಮರಳಿ ಪಡೆದರು, 1948ರ ಜುಲೈ 3ರಂದು ಅಲ್ಲೇ ಪ್ರಾಣಕೊಟ್ಟರು. ದೆಹಲಿಯ ಜಾಮಿಯಾ ಮಿಲ್ಲಿಯಾದ ಆವರಣದಲ್ಲಿ ಅವರ ಕಬರ್ ಇದೆ. ಅದೇ ವರ್ಷ ನವೆಂಬರ್‌ನಲ್ಲಿ ಜೋಜಿಲಾದಂಥ ಎತ್ತರದ ಕಣಿವೆದಾರಿಗೆ ಟ್ಯಾಂಕುಗಳನ್ನು ಏರಿಸಿ ಲೇಹ್‌ನ ದಾರಿ ತೆರೆಯಲಾಯಿತು. ಆ ಕಾರ್ಯಾಚರಣೆಯ ಮುಂದಾಳು ಕೊಡಗಿನವರೇ ಆದ ತಿಮ್ಮಯ್ಯ.

1949ರ ಜನವರಿ 15ರಂದು ಜನರಲ್ ರಾಯ್ ಬುಚರ್ ಅವರಿಂದ ಕಾರ್ಯಪ್ಪನವರು ಅಧಿಕಾರ ವಹಿಸಿಕೊಂಡರು. ಭಾರತದ ಸೇನೆಗೆ ಮೊದಲ ಬಾರಿಗೆ ಭಾರತೀಯ ಮಹಾದಂಡನಾಯಕ ಬಂದ ದಿನ ಅದು. ಅವರಿಗೆ ಐವತ್ತು ತುಂಬಲು ಇನ್ನೂ ಹದಿಮೂರು ದಿನ ಬಾಕಿ ಇತ್ತು. ನಾವು ಸೇನಾ ದಿನ ಆಚರಿಸುವುದು ಆ ದಿನದ ನೆನಪಿಗೆ. ಬ್ರಿಟಿಷರ ಕಾಲದ ರೆಜಿಮೆಂಟುಗಳು ಜಾತಿ, ಪಂಗಡ, ಪ್ರಾಂತ್ಯ ನೋಡಿ ಕಟ್ಟಿದವು. ಕಾರ್ಯಪ್ಪನವರು ಅದೇ ವರ್ಷ ಬ್ರಿಗೇಡ್ ಆಫ್ ದಿ ಗಾರ್ಡ್ಸ್ ಎಂಬ ಹೊಸ ಪಡೆ ಕಟ್ಟಿದರು. ಅದರಲ್ಲಿ ಎಲ್ಲ ಊರಿನ, ಎಲ್ಲ ಧರ್ಮದ, ಎಲ್ಲ ಜಾತಿಯ ಹುಡುಗರು ಒಟ್ಟಿಗೆ ನಿಂತರು. ಸೇನೆ ರಾಜಕೀಯದಿಂದ ದೂರ ಇರಬೇಕು ಎಂಬ ಕಟ್ಟುನಿಟ್ಟನ್ನೂ ಅವರು ಹಾಕಿಕೊಟ್ಟರು. ನಮ್ಮ ನೆರೆಹೊರೆಯ ದೇಶಗಳ ಇತಿಹಾಸ ಓದಿದವರಿಗೆ ಅದರ ಬೆಲೆ ಗೊತ್ತು.

ಇಷ್ಟು ದೊಡ್ಡ ಹುದ್ದೆಯಲ್ಲಿದ್ದವರ ಮನೆ ಹೇಗಿತ್ತು? ಮಕ್ಕಳು ದೆಹಲಿಯಲ್ಲಿ ಎಲ್ಲ ಅಧಿಕಾರಿಗಳ ಮಕ್ಕಳ ಹಾಗೆ ಸೇನೆಯ ಟ್ರಕ್ಕಿನಲ್ಲೇ ಶಾಲೆಗೆ ಹೋಗುತ್ತಿದ್ದರು. ಒಂದು ದಿನ ಟ್ರಕ್ ಬರಲಿಲ್ಲ. ಸಹಾಯಕ ಅಧಿಕಾರಿ ತಂದೆಯ ಸರಕಾರಿ ಕಾರಿನಲ್ಲಿ ಮಕ್ಕಳನ್ನು ಕಳಿಸಿದರು. ವಿಷಯ ತಿಳಿದಾಗ ಕಾರ್ಯಪ್ಪನವರು ಆ ಅಧಿಕಾರಿಯನ್ನು ಗದರಿಸಿ, ಅಷ್ಟು ದೂರದ ಖರ್ಚನ್ನು ಲೆಕ್ಕ ಹಾಕಿಸಿ ತಮ್ಮ ಹಣದಿಂದ ಕಟ್ಟಿದರಂತೆ. ಇದನ್ನು ನೆನಪಿಸಿಕೊಂಡವರು ಅವರ ಮಗ. ಇದನ್ನು ಓದಿದಾಗ ನನಗೆ ನಮ್ಮ ಉಪ್ಪನ ಮುಖವೇ ಕಣ್ಣ ಮುಂದೆ ಬಂತು. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಎಲ್ಲ ತಂದೆಯರೂ ಒಂದೇ ಅಚ್ಚು ಎಂದುಕೊಂಡು ಪುಟ ತಿರುಗಿಸಿದೆ.

1953ರಲ್ಲಿ ಅವರು ಸೇನೆಯಿಂದ ನಿವೃತ್ತರಾದರು. 1956ರವರೆಗೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಭಾರತದ ಹೈಕಮಿಷನರ್ ಆಗಿದ್ದು, ಆಮೇಲೆ ಮಡಿಕೇರಿಯ ರೋಶನಾರಾ ಎಂಬ ತಮ್ಮ ಮನೆಯಲ್ಲಿ ನೆಲೆಸಿದರು. ಮಗ ವಾಯುಪಡೆಗೆ ಸೇರಿ ಯುದ್ಧವಿಮಾನದ ಪೈಲಟ್ ಆದರು.

1965ರಲ್ಲಿ ಭಾರತ ಪಾಕಿಸ್ತಾನ ಯುದ್ಧ. ಸೆಪ್ಟೆಂಬರ್ 22, ಕದನವಿರಾಮಕ್ಕೆ ಮೊದಲಿನ ಕೊನೆಯ ದಿನ. ನಂದಾ ಕಾರ್ಯಪ್ಪ ಹಾರಿಸುತ್ತಿದ್ದ ಹಂಟರ್ ವಿಮಾನಕ್ಕೆ ಕೆಳಗಿನಿಂದ ಗುಂಡು ಬಡಿಯಿತು. ಅವರು ವಿಮಾನದಿಂದ ಹೊರಗೆ ಜಿಗಿದರು, ಬೆನ್ನುಮೂಳೆಗೆ ಪೆಟ್ಟಾಯಿತು, ಪಾಕಿಸ್ತಾನದ ಸೈನಿಕರ ಕೈಗೆ ಸಿಕ್ಕಿದರು.

ಆಗ ಪಾಕಿಸ್ತಾನದ ಅಧ್ಯಕ್ಷರು ಯಾರು ಗೊತ್ತೇ? ಅದೇ ಅಯೂಬ್ ಖಾನ್. ಸೆರೆ ಸಿಕ್ಕ ಯುವಕ ತಮ್ಮ ಹಳೆಯ ಮೇಲಧಿಕಾರಿಯ ಮಗ ಎಂದು ಅವರಿಗೆ ತಿಳಿಯಿತು. ಹುಡುಗ ಬದುಕಿದ್ದಾನೆ ಎಂದು ತಂದೆಗೆ ಸುದ್ದಿ ಮುಟ್ಟಿಸಿದರು. ಬೇಕಾದರೆ ಅವನನ್ನು ಬಿಟ್ಟು ಕಳಿಸುವುದಾಗಿಯೂ ತಿಳಿಸಿದರು. ವೈರಿಯ ಕಡೆಯಿಂದ ಬಂದ ಆ ಒಳ್ಳೆಯತನವೂ ಸಣ್ಣದಲ್ಲ.

ಇಲ್ಲಿ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಕೂತೆ. ಆ ತಂದೆಗೆ ಅರವತ್ತಾರು ವರ್ಷ. ತಾಯಿಯಿಲ್ಲದೆ ಬೆಳೆಸಿದ ಒಬ್ಬನೇ ಮಗ. ಬೆನ್ನಿಗೆ ಪೆಟ್ಟಾಗಿ ಪರದೇಶದ ಆಸ್ಪತ್ರೆಯಲ್ಲಿದ್ದಾನೆ. ಹೂಂ ಎಂದರೆ ಸಾಕು, ಮಗ ಮನೆಗೆ ಬರುತ್ತಾನೆ. ಫೋನ್ ಮಾಡಿ ಕೇಳುವ ಕಷ್ಟವೂ ಇಲ್ಲ, ಅವರೇ ಕೇಳುತ್ತಿದ್ದಾರೆ.

ಕಾರ್ಯಪ್ಪನವರು ಒಪ್ಪಲಿಲ್ಲ. ಅಲ್ಲಿ ಸೆರೆಯಲ್ಲಿರುವ ಭಾರತದ ಸೈನಿಕರೆಲ್ಲ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಲಿ, ಇಲ್ಲವಾದರೆ ನನ್ನ ಮಗನಿಗೆ ಬೇರೆ ಮರ್ಯಾದೆ ಬೇಡ ಎಂಬ ಅರ್ಥದ ಉತ್ತರ ಕಳಿಸಿದರು. ಮಗ ನಾಲ್ಕು ತಿಂಗಳು ಸೆರೆಯಲ್ಲಿದ್ದು 1966ರ ಜನವರಿಯಲ್ಲಿ ಊರು ಸೇರಿದರು. ಮುಂದೆ ಏರ್ ಮಾರ್ಷಲ್ ಆದರು. ತಂದೆಯ ಮೇಲೆ ಅವರಿಗೆ ಮುನಿಸು ಉಳಿಯಲಿಲ್ಲ, ತಂದೆಯ ಜೀವನಚರಿತ್ರೆಯನ್ನು ಅವರೇ ಬರೆದರು.

ಅಂದು ಸೆರೆಯಲ್ಲಿದ್ದ ಉಳಿದ ಸೈನಿಕರನ್ನು ನಾನು ಯೋಚಿಸಿದೆ. ಅವರಿಗೂ ಹಳ್ಳಿಗಳಲ್ಲಿ ತಂದೆಯರಿದ್ದರು. ಆ ತಂದೆಯರಿಗೆ ಯಾವ ಅಧ್ಯಕ್ಷರ ಪರಿಚಯವೂ ಇರಲಿಲ್ಲ. ಕಾರ್ಯಪ್ಪನವರು ತಮ್ಮ ಮಗನನ್ನು ಕಡಿಮೆ ಪ್ರೀತಿಸಿದ್ದರಿಂದ ಬೇಡ ಎಂದದ್ದಲ್ಲ. ಆ ತಂದೆಯರ ಮುಂದೆ ತಲೆ ಎತ್ತಿ ನಿಲ್ಲಬೇಕಿತ್ತು, ಅದಕ್ಕಾಗಿ.

ಆಮೇಲೂ ಅವರು ಬಹುಕಾಲ ಬಾಳಿದರು. ನಿವೃತ್ತ ಸೈನಿಕರ ಕಷ್ಟಸುಖ ವಿಚಾರಿಸುತ್ತಿದ್ದರು. 1986ರ ಏಪ್ರಿಲ್ 28ರಂದು ರಾಷ್ಟ್ರಪತಿ ಭವನದಲ್ಲಿ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಕೊಡಲಾಯಿತು. ಮಾಣೆಕ್ ಷಾ ಅವರ ನಂತರ ಆ ಗೌರವ ಪಡೆದ ಎರಡನೆಯವರು. ಆಗ ವಯಸ್ಸು ಎಂಬತ್ತೇಳು. 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ತೊಂಬತ್ತನಾಲ್ಕು. ಅಂತ್ಯಕ್ರಿಯೆ ನಡೆದದ್ದು ಮಡಿಕೇರಿಯಲ್ಲಿ.

ನನ್ನ ವಾಲಿಬಾಲ್ ಆಯ್ಕೆಯನ್ನು ಇಷ್ಟು ದೊಡ್ಡ ವಿಷಯದ ಪಕ್ಕ ಇಡುವುದು ಸರಿಯಲ್ಲ ಎಂದು ಗೊತ್ತು. ಆದರೂ ಅಂದು ನನ್ನ ಜೊತೆ ಮೈದಾನದಲ್ಲಿ ನಿಂತಿದ್ದ ಹುಡುಗರಲ್ಲಿ ಒಬ್ಬನ ನೆನಪಾಯಿತು. ಅವನು ಎರಡು ಬಸ್ ಬದಲಿಸಿ ಬಂದಿದ್ದ. ಅವನ ಬೂಟಿನ ಅಟ್ಟೆ ಕಿತ್ತುಬಂದಿತ್ತು. ಪಟ್ಟಿಯಲ್ಲಿ ಅವನ ಹೆಸರು ಇತ್ತು. ಉಪ್ಪ ಫೋನ್ ಮಾಡಿದ್ದರೆ ಬಹುಶಃ ಆ ಜಾಗದಲ್ಲಿ ನನ್ನ ಹೆಸರು ಇರುತ್ತಿತ್ತು.

ಸೇನಾ ದಿನದ ಹಿಂದಿನ ರಾತ್ರಿ ನನ್ನ ಭಾಷಣವನ್ನು ಮನೆಯಲ್ಲಿ ಓದಿದೆ. ಉಪ್ಪ ಊಟ ಮಾಡುತ್ತಾ ಕೇಳಿದರು. ಮುಗಿದ ಮೇಲೆ ಚೆನ್ನಾಗಿದೆ ಎನ್ನಲಿಲ್ಲ. ಮೀನಿನ ಒಂದು ತುಂಡನ್ನು ತೆಗೆದು ನನ್ನ ತಟ್ಟೆಗೆ ಹಾಕಿದರು.

ಈ ವರ್ಷದ ಆಯ್ಕೆ ಮುಂದಿನ ತಿಂಗಳು. ದಿನಾ ಸುಬಹ್ ನಮಾಜ್ ಮುಗಿಸಿ ಮೈದಾನಕ್ಕೆ ಹೋಗಿ ಸರ್ವಿಸ್ ಅಭ್ಯಾಸ ಮಾಡುತ್ತಿದ್ದೇನೆ. ಉಪ್ಪನ ಹತ್ತಿರ ಬೂಟಿಗೆ ದುಡ್ಡು ಮಾತ್ರ ಕೇಳಿದ್ದೇನೆ, ಬೇರೇನೂ ಕೇಳಿಲ್ಲ.

ದ್ವಿತೀಯ ಪಿಯುಸಿ, ಕಲಾ ವಿಭಾಗ