ಸಿಡಿಮದ್ದಿನ ಬಲವನ್ನು ಅಳೆದವನು

ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ ಒಂದು ಲೆಕ್ಕ ಪರೀಕ್ಷೆಗೆ ತಪ್ಪದೆ ಬರುತ್ತಿತ್ತು. ತೂಗುಬಿಟ್ಟ ಮರದ ತುಂಡಿಗೆ ಕೋವಿಯ ಗುಂಡು ನಾಟುತ್ತದೆ, ತುಂಡು ಇಂತಿಷ್ಟು ಮೇಲೇರುತ್ತದೆ, ಗುಂಡಿನ ವೇಗವೆಷ್ಟು? ಉತ್ತರ ಬರೆದು ಅಂಕ ಪಡೆದ ನಾವಾರೂ ಆ ತುಂಡಿಗೆ ಗುಂಡು ಹಾರಿಸಿ ನೋಡಿದವನು ಯಾರೆಂದು ಕೇಳಲಿಲ್ಲ. ಆತ ನಮ್ಮ ನೆರೆಯ ತಮಿಳು ಕರಾವಳಿಯಲ್ಲಿಯೇ ಕಣ್ಮುಚ್ಚಿದನೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಬೆಂಜಮಿನ್ ರಾಬಿನ್ಸ್ 1707ರಲ್ಲಿ ಇಂಗ್ಲೆಂಡಿನ ಬಾತ್ ಪಟ್ಟಣದ ಬಡ ಕ್ವೇಕರ್ ಮನೆತನವೊಂದರಲ್ಲಿ ಹುಟ್ಟಿದನು. ಆಯುಧ ಹಿಡಿಯುವುದನ್ನೇ ಒಲ್ಲದ ಪಂಥ ಅದು. ಲಂಡನ್ನಿಗೆ ಬಂದು, ಗಣಿತದ ಪಾಠ ಹೇಳಿ ಹೊಟ್ಟೆ ಹೊರೆದನು. 1727ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದನು. ಮುಂದೆ ಸೇತುವೆ, ಬಂದರು, ಕೋಟೆಗಳ ಕಡೆಗೆ ಅವನ ಮನಸ್ಸು ಹರಿಯಿತು.

ಫಿರಂಗಿವಿದ್ಯೆಯ ಹೊಸ ತತ್ತ್ವಗಳನ್ನು ಕುರಿತ ಅವನ ಪುಸ್ತಕ 1742ರಲ್ಲಿ ಹೊರಬಂದಿತು. ಸಿಡಿಮದ್ದು ಉರಿದಾಗ ತನ್ನ ಗಾತ್ರದ ಸುಮಾರು 244 ಪಟ್ಟು ಅನಿಲವನ್ನು ಕೊಡುತ್ತದೆ, ಉರಿಯ ಕಾವಿನಿಂದ ಅದರ ಒತ್ತಡ ವಾಯುಮಂಡಲದ ಸುಮಾರು 1000 ಪಟ್ಟಿಗೆ ಏರುತ್ತದೆ ಎಂದು ಅವನು ಎಣಿಸಿದನು. ಆ ಒತ್ತಡ ನಳಿಗೆಯುದ್ದಕ್ಕೂ ಗುಂಡನ್ನು ತಳ್ಳುತ್ತ ಹೋದಂತೆ ಎಷ್ಟು ವೇಗ ಬಂದೀತೆಂದು ಲೆಕ್ಕ ಹಾಕಿ, ಲೋಲಕಕ್ಕೆ ಗುಂಡು ಹೊಡೆದು ಲೆಕ್ಕವನ್ನು ಒರೆಗೆ ಹಚ್ಚಿದನು. ಲೋಲಕ ಎಷ್ಟು ದೂರ ತೂಗಿತೆಂಬುದನ್ನು ತೋರಿಸಿದ್ದು ಅದಕ್ಕೆ ಕಟ್ಟಿದ ಒಂದು ಪಟ್ಟಿ! ಸೆಕೆಂಡಿಗೆ 1600 ಅಡಿಗೂ ಮೀರಿದ ವೇಗವನ್ನು, ಗಡಿಯಾರದ ಹಂಗಿಲ್ಲದೆ, ಹೀಗೆ ಹಿಡಿದ ಜಾಣ್ಮೆಗೆ ನಾನು ಇಂದಿಗೂ ತಲೆದೂಗುತ್ತೇನೆ.

ಮದ್ದನ್ನು ಇಮ್ಮಡಿಸಿದ ಮಾತ್ರಕ್ಕೆ ವೇಗ ಇಮ್ಮಡಿಯಾಗದೆಂಬುದು ಈ ಲೆಕ್ಕದಿಂದ ಸ್ಪಷ್ಟವಾಯಿತು. ವೇಗದ ಆಸೆಗೆ ಬಿದ್ದು ತೋಟಾದೊಳಗೆ ಮದ್ದು ಹೆಚ್ಚಿಸುವವನಿಗೆ ದೊರೆಯುವ ಲಾಭ ಅಲ್ಪ. ನಳಿಗೆ ಹೊರಬೇಕಾದ ಒತ್ತಡವೋ ಬೆಳೆಯುತ್ತಲೇ ಹೋಗುತ್ತದೆ. ಗುಂಡು ಕದಲುವ ಮೊದಲೇ ಮದ್ದೆಲ್ಲ ಉರಿದುಹೋಗುತ್ತದೆಂದು ರಾಬಿನ್ಸ್ ಭಾವಿಸಿದ್ದು ಮಾತ್ರ ತಪ್ಪು. ಮದ್ದು ಉರಿಯಲು ಹೊತ್ತು ಬೇಕು. ಕಾಳಿನ ಗಾತ್ರ, ಗುಂಡಿನ ಭಾರಗಳಿಗೆ ತಕ್ಕಂತೆ ಒತ್ತಡ ಏರಿಳಿಯುತ್ತದೆ. ಆದರೂ, ತಪ್ಪನ್ನು ಕಂಡುಹಿಡಿಯಲು ಮುಂದಿನವರಿಗೆ ದಾರಿಯಾದದ್ದು ಅವನ ಲೋಲಕವೇ.

ಗಾಳಿಯ ತಡೆಯನ್ನು ಲೆಕ್ಕಕ್ಕೆ ತಾರದ ಫಿರಂಗಿಕಾರರಿಗೆ ಅವನಿಂದ ಇನ್ನೊಂದು ಪೆಟ್ಟು ಬಿದ್ದಿತು. ವೇಗದ ಗುಂಡಿಗೆ ಗಾಳಿ ಒಡ್ಡುವ ತಡೆ ಅದರ ತೂಕದ 100 ಪಟ್ಟನ್ನೂ ಮೀರುತ್ತದೆ. ಶಬ್ದದ ವೇಗದ ಸಮೀಪದಲ್ಲಿ ಆ ತಡೆ ತಟ್ಟನೆ ಹೆಚ್ಚುತ್ತದೆ. ಮಹಾಗಣಿತಜ್ಞ ಆಯ್ಲರ್ 1745ರಲ್ಲಿ ಈ ಗ್ರಂಥವನ್ನು ಜರ್ಮನ್ ಭಾಷೆಗೆ ತಿರುಗಿಸಿ, ಮೂಲಕ್ಕಿಂತ ದೀರ್ಘವಾದ ವ್ಯಾಖ್ಯಾನವನ್ನು ಬರೆದನು. ಲೇಖಕನಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕೆ?

1750ರಲ್ಲಿ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರನಾಗಿ, ಅದರ ಕೋಟೆಗಳನ್ನು ಭದ್ರಪಡಿಸಲೆಂದು ಭಾರತಕ್ಕೆ ಬಂದನು. ಹವೆ ಅವನ ಮೈಗೆ ಒಗ್ಗಲಿಲ್ಲ. 1751ರ ಜುಲೈ ತಿಂಗಳಲ್ಲಿ, ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ, ಜ್ವರದಿಂದ ತೀರಿಕೊಂಡನು. ಅವನಿಗೆ ಆಗ 44 ವರ್ಷ. ಏಳು ವರ್ಷಗಳ ತರುವಾಯ ಫ್ರೆಂಚರು ಆ ಕೋಟೆಯನ್ನು ಗೆದ್ದು ಕೆಡವಿಹಾಕಿದರು.